ನೋವಿನೊಡನೆ ಬಾಳುವವರಿಗೆ ಊರಿನಲ್ಲಿಯೇ ನೆರವು ದೊರೆಯಲಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಯಲ್ಲಿ ಸೊಂಟನೋವನ್ನು ವ್ಯಾಧಿಯೆಂದು ಎಣಿಸುವವರು ವಿರಳ. ನಟ್ಟಿಯ ದಿನಗಳಲ್ಲಿ ಬೆಳಗಿನಿಂದ ಬೈಗಿನವರೆಗೆ ಕೆಸರುಗದ್ದೆಯಲ್ಲಿ ಬಾಗಿಯೇ ಇರುವ ಹೆಂಗಸರಿಗೂ, ಗಂಗೊಳ್ಳಿಯ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರಿಗೂ, ನವೆಂಬರಿನಿಂದ ಮೇ ತಿಂಗಳವರೆಗೆ ಇರುಳು ಗೆಜ್ಜೆ ಕಟ್ಟಿ ಕುಣಿಯುವ ಮಂದಾರ್ತಿ, ಮಾರಣಕಟ್ಟೆ ಯಕ್ಷಗಾನ ಮೇಳಗಳ ಕಲಾವಿದರಿಗೂ ನೋವು ಕಸುಬಿನೊಡನೆ ಬಂದ ಪಾಲೆಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಮೂರು ತಿಂಗಳಿಗೂ ಮೀರಿ ಉಳಿದ ನೋವನ್ನು ವೈದ್ಯಶಾಸ್ತ್ರವು ದೀರ್ಘಕಾಲೀನವೆಂದು ಪರಿಗಣಿಸಿ ಅದಕ್ಕೆ ಪ್ರತ್ಯೇಕ ಶುಶ್ರೂಷೆಯನ್ನು ವಿಧಿಸುತ್ತದೆ. ಆ ಶುಶ್ರೂಷೆ ಹಳ್ಳಿಯವರೆಗೆ ಬರಬೇಕೆಂದು ಕೇಳುವುದು ಕೇವಲ ನ್ಯಾಯದ ಮಾತು.

ಈ ನೋವಿನ ಬಗೆಯನ್ನು ಅರಿಯಲು ಇದೇ ಸೀಮೆಯಲ್ಲಿ ಬೀಡಿ ಕಟ್ಟುವ ಹೆಂಗಸನ್ನು ಹತ್ತಿರದಿಂದ ನೋಡಬೇಕು. ಜಗಲಿಯಲ್ಲಿ ಕಾಲು ನೀಡಿ, ಎಲೆ, ಹೊಗೆಸೊಪ್ಪು, ನೂಲುಗಳ ಮೊರವನ್ನು ಮಡಿಲಲ್ಲಿರಿಸಿ ಕುಳಿತವಳ ಬೆರಳುಗಳು ಕ್ಷಣವೂ ನಿಲ್ಲವು. ಕುತ್ತಿಗೆಯೂ ಬೆನ್ನೂ ಮಾತ್ರ ತಾಸುಗಟ್ಟಲೆ ಅಲುಗವು. ಕೂಲಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟೆಂದು ಇರುವುದರಿಂದ, ನಡುವೆ ಎದ್ದು ನಾಲ್ಕು ಹೆಜ್ಜೆ ನಡೆದರೂ ಅಷ್ಟು ಸಂಪಾದನೆ ಕುಗ್ಗುತ್ತದೆ. ಸಂಜೆ ಏಳಹೊರಟಾಗ ಸೊಂಟ ಹಿಡಿದುಕೊಳ್ಳುತ್ತದೆ. ಮಧ್ಯರಾತ್ರಿ ಮೀನಖಂಡ ಕಲ್ಲಿನಂತೆ ಬಿಗಿಯುತ್ತದೆ.

ಸೊಂಟದ ಈ ಬಿಗಿತಕ್ಕೆ ಕಾರಣವುಂಟು. ನೊಂದ ಕೀಲನ್ನೋ ನರವನ್ನೋ ಅಲುಗದಂತೆ ಕಾಪಾಡಲು ಸುತ್ತಲಿನ ಸ್ನಾಯುಗಳು ತಾವಾಗಿಯೇ ಸಂಕೋಚಗೊಳ್ಳುತ್ತವೆ. ಸಂಕೋಚ ಬಹುಕಾಲ ನಿಂತರೆ ರಕ್ತಸಂಚಾರ ಕುಗ್ಗಿ ಅಲ್ಲಿಯೇ ಹೊಸ ನೋವು ಹುಟ್ಟುತ್ತದೆ. ನೋವಿನ ಭಯದಿಂದ ಶರೀರ ಮತ್ತಷ್ಟು ಬಿಗಿಯುತ್ತದೆ. ಆದುದರಿಂದ ಬಲಾತ್ಕಾರವಾಗಿ ತಿಕ್ಕಿ ತಿರುಚುವುದಾಗಲಿ, ವಾರಗಟ್ಟಲೆ ಹಾಸಿಗೆ ಹಿಡಿದು ಸ್ನಾಯುಗಳನ್ನು ದುರ್ಬಲಗೊಳಿಸುವುದಾಗಲಿ ಹಿತವಲ್ಲ. ಅಪಾಯವಿಲ್ಲವೆಂಬ ಭರವಸೆಯನ್ನು ಶರೀರಕ್ಕೆ ಮೆಲ್ಲಮೆಲ್ಲನೆ ಉಂಟುಮಾಡುವುದೇ ಉಪಶಮನದ ಮಾರ್ಗ.

ಆ ಮಾರ್ಗದ ಸಾಧನಗಳಲ್ಲಿ ಹಲವು ನಮ್ಮ ಮನೆಗಳಲ್ಲಿಯೇ ಇವೆ. ಬಚ್ಚಲ ಹಂಡೆಯ ಬಿಸಿನೀರು, ಹುರಿದ ಉಪ್ಪನ್ನು ದಪ್ಪ ಬಟ್ಟೆಯಲ್ಲಿ ಗಂಟುಕಟ್ಟಿ ಕೊಡುವ ಶಾಖ, ಇವು 15–20 ನಿಮಿಷದಲ್ಲಿ ಬಿಗಿದ ಸ್ನಾಯುವನ್ನು ಸಡಿಲಿಸಬಲ್ಲವು; ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶಜ್ಞಾನ ಕುಂದಿದವರು ಮಾತ್ರ ಸುಡದಂತೆ ಎಚ್ಚರ ವಹಿಸತಕ್ಕದ್ದು. ಮೀನಖಂಡ ಸೆಳೆದಾಗ ಮೊಣಕಾಲನ್ನು ನೇರವಾಗಿ ನೀಡಿ, ಪಾದದ ತುದಿಯನ್ನು ಮೊಣಕಾಲಿನತ್ತ ಮೆಲ್ಲನೆ ಎಳೆದು ಅರ್ಧ ನಿಮಿಷ ಹಿಡಿದರೆ ಸೆಳೆತ ಬಿಡುವುದುಂಟು. ಸೊಂಟ ಹಿಡಿದಾಗ ಅಂಗಾತ ಮಲಗಿ, ಮೊಣಕಾಲುಗಳ ಕೆಳಗೆ ದಿಂಬಿರಿಸಿ, ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಹೊರಬಿಡುವುದು ಒಳ್ಳೆಯದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ ಕ್ರಮವೂ ಸರಳವಾದುದು: ಒಂದೊಂದೇ ಸ್ನಾಯುಸಮೂಹವನ್ನು ಬೇಕೆಂದೇ ಬಿಗಿಹಿಡಿದು, ಬಳಿಕ ಪೂರ್ಣವಾಗಿ ಸಡಿಲಬಿಟ್ಟು, ಆ ಎರಡರ ಅಂತರವನ್ನು ಮನಸ್ಸು ಅರಿಯುವಂತೆ ಮಾಡುವುದು. ಇವೆಲ್ಲಕ್ಕಿಂತ ಮುಖ್ಯವಾದುದು ಮಿತಿಯ ವಿವೇಕ. ನೋವು ಕಡಿಮೆಯಾದ ದಿನ ಬಾಕಿ ಕೆಲಸವನ್ನೆಲ್ಲ ಒಮ್ಮೆಗೇ ಮುಗಿಸಿ ಮರುದಿನ ಮಲಗುವ ಬದಲು, ಅರ್ಧ ತಾಸಿಗೊಮ್ಮೆ ಎದ್ದು ನಡೆದು, ದಿನವೂ ಒಂದೇ ಪ್ರಮಾಣದ ಲಘು ವ್ಯಾಯಾಮವನ್ನು ಸಾಧಿಸಬೇಕು.

ಕಾಲು ಬಲ ಕಳೆದುಕೊಂಡರೆ, ತೊಡೆಯ ಸಂದು ಮರಗಟ್ಟಿದರೆ, ಮೂತ್ರ ಮಲಗಳ ಹಿಡಿತ ತಪ್ಪಿದರೆ, ನೋವಿನೊಡನೆ ಜ್ವರ ಬಂದರೆ ಮನೆಮದ್ದನ್ನು ನೆಚ್ಚಿ ಕೂರದೆ ತತ್‌ಕ್ಷಣ ಆಸ್ಪತ್ರೆಗೆ ಹೋಗಬೇಕು. ಮೆಡಿಕಲ್ ಶಾಪಿನಿಂದ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವುದರಿಂದ ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿಯುಂಟು. ದೀರ್ಘಕಾಲೀನ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ತಿಳಿವಳಿಕೆ, ವ್ಯಾಯಾಮ, ಮನಸ್ಸಿನ ಆರೈಕೆಗಳನ್ನೇ ಮುಂದಿರಿಸಿ, ಸೊಂಟದ ಬೆಲ್ಟನ್ನೂ ಅಫೀಮಿನ ವರ್ಗದ ಔಷಧಗಳನ್ನೂ ವಾಡಿಕೆಯಾಗಿ ಬಳಸಬಾರದೆಂದು ಸೂಚಿಸಿದೆ.

ಈ ಉಪಾಯಗಳಾವುವೂ ದುಬಾರಿಯಲ್ಲ. ಆದರೆ ಇವನ್ನು ಅವರವರ ಶರೀರಕ್ಕೆ ತಕ್ಕಂತೆ ಕಲಿಸಿಕೊಡುವವರು ಬೇಕು. 1953ರಿಂದ ವೈದ್ಯಕೀಯ ಕಾಲೇಜಿರುವ ಮಣಿಪಾಲ ನಮ್ಮ ಜಿಲ್ಲೆಯಲ್ಲಿಯೇ ಇದೆಯೆಂಬುದು ಭಾಗ್ಯವೇ ಸರಿ. ಆದರೂ ಬೈಂದೂರಿನಿಂದ 60 ಕಿಲೋಮೀಟರಿಗೂ ಮಿಗಿಲಾದ ಹಾದಿಯನ್ನು ಸೊಂಟ ಹಿಡಿದವಳು ಬಸ್ಸಿನಲ್ಲಿ ಕುಲುಕುತ್ತಾ ವಾರವಾರವೂ ಕ್ರಮಿಸಲಾರಳು, ಆ ದಿನದ ಕೂಲಿಯನ್ನೂ ಬಿಡಲಾರಳು. ಆದುದರಿಂದ ಸರಕಾರವು ಈ ಮೂರು ತಾಲೂಕುಗಳ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ವಾರಕ್ಕೊಂದು ನಿಶ್ಚಿತ ದಿನ ಫಿಸಿಯೋಥೆರಪಿಸ್ಟರು ದೊರೆಯುವಂತೆ ಏರ್ಪಡಿಸಬೇಕು; ಆಶಾ ಕಾರ್ಯಕರ್ತೆಯರಿಗೆ ಈ ಸರಳ ಕ್ರಮಗಳನ್ನು ಕಲಿಸಿ, ಅವರ ಆ ದುಡಿಮೆಗೆ ತಕ್ಕ ಸಂಭಾವನೆ ಕೊಡಬೇಕು; ಬೀಡಿಯ ಕೂಲಿಯನ್ನು ನಿಶ್ಚಯಿಸುವವರು ವಿಶ್ರಾಂತಿಯ ಹೊತ್ತನ್ನೂ ಆ ಲೆಕ್ಕದೊಳಗೆ ಸೇರಿಸಬೇಕು. ದುಡಿದು ನೊಂದ ಶರೀರಕ್ಕೆ ಊರು ಸಲ್ಲಿಸಬೇಕಾದ ಋಣವಿದು. ಮುಂದಿನ ಬಜೆಟ್ಟಿನಲ್ಲಿಯೇ ಇದರ ತೀರುವಳಿ ಆರಂಭವಾಗಲಿ.