ಮೊಲ ಹೊಕ್ಕ ದ್ವೀಪ

ಮಲಗೋ ಮುಂಚೆ ಮಗಳಿಗೆ ಕತೆ ಬೇಕೇ ಬೇಕು. ಅವಳ ಪುಸ್ತಕಗಳಲ್ಲೆಲ್ಲಾ ಮೊಲ ಒಳ್ಳೇದು, ಜಾಣ. ಮೊನ್ನೆ ಧೈರ್ಯ ಮಾಡಿ ಲೇಸಾನ್ ದ್ವೀಪದ ಕತೆ ಹೇಳಿದೆ.

ಪೆಸಿಫಿಕ್ ಸಾಗರದಲ್ಲಿ ಹೊನೊಲುಲುವಿನಿಂದ ಸಾವಿರ ಕಿಲೋಮೀಟರಿಗೂ ಆಚೆ ಇರುವ, ಹವಳ ಮತ್ತು ಮರಳಿನ ಪುಟ್ಟ ನಡುಗಡ್ಡೆ ಅದು. ಸುಮಾರು 4 ಚದರ ಕಿಲೋಮೀಟರ್, ಅಷ್ಟೇ. ನಡುವೆ ಸಮುದ್ರಕ್ಕಿಂತ ಉಪ್ಪಾದ ಕೆರೆ. ದಡದ ತುಂಬ ನೊಣ. ಲೇಸಾನ್ ಬಾತುಕೋಳಿ ಬಾಯಿ ತೆರೆದುಕೊಂಡು ಆ ನೊಣಗಳ ಮಧ್ಯೆ ಓಡುತ್ತೆ, ಊಟ ತಾನಾಗಿಯೇ ಬಾಯಿಗೆ! ಇದನ್ನ ನಾನು ಮೂರು ಸಲ ಓಡಿ ತೋರಿಸಬೇಕಾಯ್ತು.

ಹಕ್ಕಿಗಳ ಹಿಕ್ಕೆಯನ್ನ ಗೊಬ್ಬರಕ್ಕೆಂದು ಅಗೆಯೋಕೆ ಜನ ಬಂದರು. 1903ರಲ್ಲಿ ಮಾಂಸದ ವ್ಯಾಪಾರಕ್ಕೆ ಅಂತ ಮೊಲ ತಂದು ಬಿಟ್ಟರು. ಹಿಡಿಯೋಕೆ ನರಿ ಇಲ್ಲ, ನಾಯಿ ಇಲ್ಲ. 1923ರಲ್ಲಿ ವಿಜ್ಞಾನಿಗಳು ಟ್ಯಾನಜರ್ ಹಡಗಿನಲ್ಲಿ ಬರೋ ಹೊತ್ತಿಗೆ ಹುಲ್ಲು, ಪೊದೆ ಎಲ್ಲಾ ಖಾಲಿಯಾಗಿ ಬರೀ ಮರಳು. ಒಂದು ಜಾತಿಯ ಕೆಂಪು ಹಾಡುಹಕ್ಕಿ ಮೂರೇ ಮೂರು ಉಳಿದಿದ್ದವು. ಒಂದು ಹಾಡುತ್ತಿರೋದನ್ನ ಚಿತ್ರೀಕರಿಸಿದರು, ಆಗಿನ ಕ್ಯಾಮೆರಾಗೆ ದನಿ ಹಿಡಿಯೋಕೆ ಬರ್ತಿರಲಿಲ್ಲ. ಕೆಲವೇ ದಿನಕ್ಕೆ ಮರಳಿನ ಬಿರುಗಾಳಿ ಎದ್ದು ಮೂರೂ ಹೋದವು.

"ಮೊಲದ್ದೇ ತಪ್ಪಾ ಅಪ್ಪಾ?"

"ಹಸಿವಾದ್ರೆ ಅದು ತಿನ್ನುತ್ತೆ ಪುಟ್ಟಿ. ಹಡಗು ಹತ್ತಿಸಿ ತಂದಿದ್ದು ಯಾರು?"

"ಆಮೇಲೆ ಮೊಲ ಏನಾದ್ವು?"

ಸುಳ್ಳು ಹೇಳಬಹುದಿತ್ತು. ಉಳಿದಿದ್ದ ಮೊಲಗಳನ್ನೆಲ್ಲ ವಿಜ್ಞಾನಿಗಳೇ ಕೊಂದರು ಅಂತ ಹೇಳಿಬಿಟ್ಟೆ. ಅವಳು ತುಂಬಾ ಹೊತ್ತು ಮಾತಾಡಲಿಲ್ಲ.

"ಬಾತು?"

ಬದುಕಿತು. ಹುಲ್ಲು ಮತ್ತೆ ಚಿಗುರಿತು. 2004-05ರಲ್ಲಿ 42 ಬಾತುಗಳನ್ನ ಮಿಡ್‌ವೇ ದ್ವೀಪಕ್ಕೂ ಒಯ್ದು ಬಿಟ್ಟರು, ಅಲ್ಲೂ ಮರಿ ಮಾಡಿದವು.

"ನಾಳೆನೂ ಬಾತು ಥರ ಓಡ್ಬೇಕು ನೀನು" ಅಂದು, ಬಟ್ಟೆ ಮೊಲವನ್ನ ತಬ್ಬಿಕೊಂಡು ಆಚೆ ತಿರುಗಿದಳು.