ಹಳೆಯ ವಯರ್‌ಲೆಸ್ ಗುಜರಿಗೆ ಹಾಕುವ ಮೊದಲು

ನಮ್ಮ ಬೋಟುಗಳ ಕ್ಯಾಬಿನ್ನಿನಲ್ಲಿ ಎರಡು ಪೆಟ್ಟಿಗೆಗಳಿರುತ್ತವೆ. ಒಂದು ಜಿಪಿಎಸ್, ಇನ್ನೊಂದು ವಿಎಚ್‌ಎಫ್ ವಯರ್‌ಲೆಸ್. ಬೋಟು ಎಲ್ಲುಂಟು ಎಂದು ಮೊದಲನೆಯದಕ್ಕೆ ಗೊತ್ತು, ಆದರೆ ಅದಕ್ಕೆ ಬಾಯಿಲ್ಲ. ಎರಡನೆಯದಕ್ಕೆ ಬಾಯಿ ಉಂಟು, ತಾನು ಎಲ್ಲಿದ್ದೇನೆಂದು ಗೊತ್ತಿಲ್ಲ. ಎರಡರ ನಡುವೆ ಇರುವುದು ಒಂದೋ ಒಂದೂವರೆಯೋ ಅಡಿ ಜಾಗ. ಅಷ್ಟಕ್ಕೆ ಎರಡು ತಂತಿ ಎಳೆಯಲು ಮಂಜೇಶ್ವರದಿಂದ ಕಾಸರಗೋಡಿನವರೆಗೆ ನಮ್ಮಲ್ಲಿ ಹೆಚ್ಚಿನವರಿಗೆ ಪುರುಸೊತ್ತಿಲ್ಲ. ಅಂಗಡಿಯಲ್ಲಿ ಕೇಳಿದರೆ "ಹಳೆ ಸೆಟ್ಟು, ಅದರಲ್ಲಿ ಆಗುದಿಲ್ಲ, ಹೊಸತು ತೆಗೊಳ್ಳಿ" ಎನ್ನುತ್ತಾರೆ. ನಾವು ತಲೆಯಾಡಿಸಿ ಬರುತ್ತೇವೆ. ಹೊಸತಕ್ಕೆ ದುಡ್ಡಿಲ್ಲ, ಹಳೆಯದಕ್ಕೆ ತಂತಿಯಿಲ್ಲ, ಬೋಟು ಕಡಲಿಗೆ ಇಳಿಯುತ್ತದೆ. ಈ ಮಾತು ತಪ್ಪು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ಪರಿಚಯದವರ ಬೋಟಿನ ಎಂಜಿನು ರಾತ್ರಿ ಹೊತ್ತು ಕೈಕೊಟ್ಟಿತು. ತಂಡೇಲರು ಚಾನೆಲ್ 16ರಲ್ಲಿ ಕರೆದರು. ಕೇಳಿಸಿಕೊಂಡ ಬೋಟಿನವರು "ಪೊಸಿಷನ್ ಹೇಳಿ" ಎಂದರು. ಇವರು ಜಿಪಿಎಸ್ ಪರದೆ ನೋಡಿ "ಹನ್ನೆರಡು, ಮೂವತ್ತಾರು" ಎಂದರು. ಅಂದರೆ 12 ಡಿಗ್ರಿ 36 ಮಿನಿಟು, ಸರಿಯಾಗಿ ಕುಂಬಳೆಯ ನೇರಕ್ಕೆ. ಆಚೆಯವರು ತಮ್ಮ ಯಂತ್ರದಲ್ಲಿ ಒತ್ತಿದ್ದು 12.36. ಶಾಲೆಯ ಮಾಸ್ಟ್ರುಗಳು ಇದನ್ನು ದಯವಿಟ್ಟು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ತೋರಿಸಬೇಕು: ಒಂದು ಡಿಗ್ರಿಗೆ 60 ಮಿನಿಟು, ಹಾಗಾಗಿ 12.36 ಡಿಗ್ರಿ ಎಂದರೆ 12 ಡಿಗ್ರಿ 21.6 ಮಿನಿಟು. ವ್ಯತ್ಯಾಸ 14.4 ಮಿನಿಟು. ಅಕ್ಷಾಂಶದ ಒಂದು ಮಿನಿಟು ಒಂದು ನಾಟಿಕಲ್ ಮೈಲು, 1852 ಮೀಟರು. ಲೆಕ್ಕ ಹಾಕಿ, ಸುಮಾರು 27 ಕಿಲೋಮೀಟರು! ಕುಂಬಳೆಯ ನೇರಕ್ಕೆ ತೇಲುತ್ತಿದ್ದವರನ್ನು ಬೇಕಲ ಕೋಟೆಗಿಂತಲೂ ತೆಂಕಕ್ಕೆ ಹೋಗಿ ಹುಡುಕಿದರು. ಬೆಳಿಗ್ಗೆ ಬೇರೆ ಯಾವುದೋ ಬೋಟಿಗೆ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದು ಹಗ್ಗ ಕಟ್ಟಿ ಎಳೆದು ತಂದರು. ಆ ರಾತ್ರಿ ಗಾಳಿ ಇರಲಿಲ್ಲ, ಅಷ್ಟೇ.

ಆ ಬೋಟಿನ ವಯರ್‌ಲೆಸ್ಸಿನಲ್ಲಿ ಮುಚ್ಚಳ ಹಾಕಿದ ಕೆಂಪು ಗುಂಡಿ ಇತ್ತು. ನಾನೇ ನೋಡಿದ್ದೇನೆ. ಅದನ್ನು ಒತ್ತಿ ಹಿಡಿದರೆ ಸೆಟ್ಟು ತನ್ನಷ್ಟಕ್ಕೆ ಚಾನೆಲ್ 70ರಲ್ಲಿ ಒಂದು ಅಂಕಿಗಳ ಸಂದೇಶ ಕಳಿಸುತ್ತದೆ. ಇದಕ್ಕೆ ಡಿಎಸ್‌ಸಿ ಎಂದು ಹೆಸರು. ಸಂದೇಶದಲ್ಲಿ ಬೋಟಿನ ಒಂಬತ್ತು ಅಂಕಿಯ ಗುರುತು ಸಂಖ್ಯೆ ಇರುತ್ತದೆ, ಸ್ಥಾನ ಹೇಳಲು ಹತ್ತು ಅಂಕಿಗಳಿರುತ್ತವೆ. ಸುತ್ತಮುತ್ತ ಡಿಎಸ್‌ಸಿ ಇರುವ ಪ್ರತಿಯೊಂದು ಸೆಟ್ಟೂ ಅದನ್ನು ಹಿಡಿದು ಕಿರುಚಿಕೊಳ್ಳುತ್ತದೆ, ಪರದೆಯ ಮೇಲೆ ಸ್ಥಾನ ತೋರಿಸುತ್ತದೆ. ಆದರೆ ಜಿಪಿಎಸ್ ಜೋಡಿಸದ, ಕೈಯಿಂದಲೂ ಸ್ಥಾನ ತುಂಬಿಸದ ಸೆಟ್ಟು ಆ ಹತ್ತು ಅಂಕಿಗಳ ಜಾಗದಲ್ಲಿ ಏನು ಕಳಿಸುತ್ತದೆ ಗೊತ್ತುಂಟಾ? ಹತ್ತು ಸಲ ಒಂಬತ್ತು. 9999999999. "ನಾನು ಸಾಯ್ತಾ ಇದ್ದೇನೆ, ಎಲ್ಲಿ ಅಂತ ಗೊತ್ತಿಲ್ಲ" ಎಂದು ಅದರ ಅರ್ಥ.

ಕೈಯಿಂದ ತುಂಬಿಸಬಹುದಲ್ಲ ಎನ್ನುವವರಿದ್ದಾರೆ. ತುಂಬಿಸಬಹುದು. ಆದರೆ ಬೋಟು ಓಡುತ್ತಾ ಇರುತ್ತದೆ, ತುಂಬಿಸಿದ ಅಂಕಿ ಅಲ್ಲೇ ಇರುತ್ತದೆ. ಇಪ್ಪತ್ತಮೂರೂವರೆ ಗಂಟೆ ಕಳೆದರೆ ಸೆಟ್ಟೇ ಅದನ್ನು ಅಳಿಸಿಬಿಡುತ್ತದೆ. ಬಲೆ ಎಳೆಯುವವನಿಗೆ ಗಂಟೆಗೊಂದು ಸಲ ಅಂಕಿ ಒತ್ತುತ್ತಾ ಕೂರಲು ಆಗುತ್ತದಾ?

ಈಗ ತಂತಿಯ ವಿಷಯ. ಕೆಂಪು ಗುಂಡಿಯೇ ಇಲ್ಲದ ತೀರಾ ಹಳೆಯ ಸೆಟ್ಟಿಗೆ ಈ ಮದ್ದು ನಾಟುವುದಿಲ್ಲ, ಅಲ್ಲಿ ಅಂಗಡಿಯವರ ಮಾತು ಸರಿ. ಗುಂಡಿ ಇದ್ದರೆ ಹಿಂಭಾಗದಲ್ಲಿ ಸಾಧಾರಣವಾಗಿ ತೆಳ್ಳಗಿನ ಒಂದೆರಡು ತಂತಿ ಸುಮ್ಮನೆ ನೇತಾಡುತ್ತಿರುತ್ತವೆ. ಜಿಪಿಎಸ್ಸಿನಿಂದ ಸ್ಥಾನ ತೆಗೆದುಕೊಳ್ಳುವ ತಂತಿಗಳವು. ಇಪ್ಪತ್ತು ವರ್ಷ ಹಳೆಯ ಜಿಪಿಎಸ್ಸೂ ಈ ವಯರ್‌ಲೆಸ್ಸೂ ಮಾತಾಡುವ ಭಾಷೆ ಒಂದೇ, ಎನ್‌ಎಂಇಎ 0183 ಎಂದು. ಜಿಪಿಎಸ್ಸಿನ 'ಔಟ್' ತಂತಿ ವಯರ್‌ಲೆಸ್ಸಿನ 'ಇನ್' ತಂತಿಗೆ, ಅದರ ನೆಗೆಟಿವ್ ಇದರ ನೆಗೆಟಿವ್‌ಗೆ. ಮುಗಿಯಿತು. ಜಿಪಿಎಸ್ಸಿನ ಸೆಟ್ಟಿಂಗಿನಲ್ಲಿ ಈ ಔಟ್‌ಪುಟ್ ಚಾಲು ಇರಬೇಕು, ವೇಗ 4800 ಇರಬೇಕು.

ಹೆಚ್ಚಿನವರು ಎಡವುವುದು ಬಣ್ಣದಲ್ಲಿ. ಹಸಿರಿಗೆ ಹಸಿರು, ನೀಲಿಗೆ ನೀಲಿ ಕಟ್ಟಿ "ಬರುದಿಲ್ಲ ಮಾರಾಯ್ರೆ" ಎಂದು ಕೈಬಿಡುತ್ತಾರೆ. ಒಂದೊಂದು ಕಂಪೆನಿಯದು ಒಂದೊಂದು ಬಣ್ಣ, ಆ ಸೆಟ್ಟಿನ ಪುಸ್ತಕ ನೋಡದೆ ಕೈ ಹಾಕಬಾರದು. ಬರೀ ತಿರುಚಿ ಟೇಪು ಸುತ್ತಿದ ಜಾಯಿಂಟು ಉಪ್ಪುಗಾಳಿಗೆ ಒಂದು ಸೀಸನ್ನಿನಲ್ಲೇ ಹಸಿರಾಗಿ ಸಾಯುತ್ತದೆ, ಬೆಸುಗೆ ಹಾಕಿ ಮುಚ್ಚಬೇಕು. ಇನ್ನೊಂದು ಸೂಕ್ಷ್ಮ ಉಂಟು. ಈಗಿನ ಜಿಪಿಎಸ್‌ಗಳು ಬೇರೆ ದೇಶಗಳ ಉಪಗ್ರಹಗಳನ್ನೂ ಸೇರಿಸಿ ಲೆಕ್ಕ ಹಾಕುತ್ತವೆ. ಆಗ ಅವು ಕಳಿಸುವ ಸಾಲುಗಳು 'ಜಿಪಿ' ಬದಲು 'ಜಿಎನ್' ಎಂಬ ಅಕ್ಷರಗಳಿಂದ ಶುರುವಾಗುತ್ತವೆ, ಕೆಲವು ಹಳೆಯ ವಯರ್‌ಲೆಸ್‌ಗಳಿಗೆ ಅದು ಅರ್ಥವಾಗುವುದಿಲ್ಲ. ಅಂಥಲ್ಲಿ ಜಿಪಿಎಸ್ ಮಾತ್ರ ಎಂದು ಸೆಟ್ಟಿಂಗ್ ಬದಲಿಸಿದರೆ ಬರುವುದುಂಟು. ಸರಿಯಾಯಿತೋ ಎಂದು ನೋಡಲು ಕೆಂಪು ಗುಂಡಿ ಒತ್ತಬಾರದು! ಎರಡೂ ಪರದೆಗಳ ಅಂಕಿ ಒಂದೇ ಆಗಿದೆಯಾ ನೋಡಿದರೆ ಸಾಕು.

ಗುರುತು ಸಂಖ್ಯೆಯನ್ನೂ ನೋಡಿ. ನಮ್ಮ ದೇಶದ್ದು 419ರಿಂದ ಶುರುವಾಗುತ್ತದೆ. ಅದು ತುಂಬಿಸದಿದ್ದರೆ ಸೆಟ್ಟು ಸಾಮಾನ್ಯವಾಗಿ ಕೆಂಪು ಗುಂಡಿಯ ಮಾತು ಕೇಳುವುದೇ ಇಲ್ಲ. ಸೆಕೆಂಡ್‌ಹ್ಯಾಂಡ್ ತಂದ ಸೆಟ್ಟಿನಲ್ಲಿ ಹಳೆಯ ಬೋಟಿನ ಸಂಖ್ಯೆಯೇ ಇದ್ದರೆ, ಮುಳುಗುವುದು ನೀವು, ಫೋನು ಹೋಗುವುದು ಇನ್ನೊಬ್ಬರ ಮನೆಗೆ.

ತಂಡೇಲರ ನಿಜವಾದ ಹೆದರಿಕೆ ಬೇರೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮೀನು ಸಿಗುವ ಜಾಗ ಊರಿಗೆಲ್ಲ ಗೊತ್ತಾದೀತು ಎಂದು. ಆ ಹೆದರಿಕೆಗೆ ನಾನು ನಗುವುದಿಲ್ಲ, ಅದು ಹೊಟ್ಟೆಪಾಡಿನ ಗುಟ್ಟು. ಆದರೆ ಹೀಗೆ ಹೆದರುವವರು ಎರಡು ಯಂತ್ರಗಳನ್ನು ಒಂದೆಂದು ತಿಳಿದಿದ್ದಾರೆ. ಎಐಎಸ್ ಎಂಬುದು ನಿಮ್ಮ ಸ್ಥಾನವನ್ನು ಬಿಡದೆ ಸಾರುತ್ತಲೇ ಇರುತ್ತದೆ. ಡಿಎಸ್‌ಸಿ ಹಾಗಲ್ಲ. ಜಿಪಿಎಸ್ ಜೋಡಿಸಿದ ಮೇಲೂ ಸೆಟ್ಟು ಸ್ಥಾನವನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ, ನೀವು ಗುಂಡಿ ಒತ್ತಿದಾಗ ಹೇಳುತ್ತದೆ. ಬೇರೆ ಬೋಟು ಅದನ್ನು ಕೇಳಿದರೆ ತಾನಾಗಿ ಉತ್ತರಿಸುವ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನು ಬಂದ್ ಮಾಡಿಡಿ. ಮೀನಿನ ಗುಟ್ಟು ನಿಮ್ಮಲ್ಲೇ ಇರುತ್ತದೆ.

"ಸರಕಾರ ಟ್ರಾನ್ಸ್‌ಪಾಂಡರ್ ಕೊಡ್ತದಲ್ಲ, ಇದೆಲ್ಲ ಎಂತಕೆ?" ಇದು ಇನ್ನೊಂದು ಮಾತು. ಕೊಡಲಿ, ಬೇಡ ಎಂದವರು ಯಾರು? 2017ರ ಓಖಿ ಚಂಡಮಾರುತದಲ್ಲಿ ಕೇರಳದ ತೆಂಕಣ ಕರಾವಳಿಯ ಎಷ್ಟೋ ಮಂದಿ ಮರಳಿ ಬರಲಿಲ್ಲ, ಯಾವ ಹೊಸ ಯಂತ್ರವೂ ಬೇಡ ಎನ್ನುವ ಧೈರ್ಯ ನನಗಿಲ್ಲ. ಆದರೆ ಟ್ರಾನ್ಸ್‌ಪಾಂಡರ್ ಮಾತಾಡುವುದು ಉಪಗ್ರಹದ ಜೊತೆ, ದಡದ ಕಚೇರಿಯ ಜೊತೆ. ಅಲ್ಲಿಂದ ಹಡಗು ಹೊರಟು ಬರಬೇಕು. ವಿಎಚ್‌ಎಫ್ ಮಾತಾಡುವುದು ಪಕ್ಕದ ಬೋಟಿನ ಜೊತೆ, ಸುಮಾರು ಹತ್ತು ನಾಟಿಕಲ್ ಮೈಲಿನೊಳಗೆ ಇರುವವರ ಜೊತೆ. ಎತ್ತರದ ಆಂಟೆನಾ ಇರುವ ಹಡಗಿಗೆ ಇನ್ನೂ ದೂರದಿಂದ ಕೇಳುತ್ತದೆ. ಕಡಲಲ್ಲಿ ಮೊದಲು ಕೈ ಕೊಡುವವನು ಪಕ್ಕದವನೇ ಎಂದು ಮೊಗವೀರರಿಗೆ ನಾನು ಕಲಿಸಬೇಕಾ?

ನಮ್ಮ ಭಾಗದವರಿಗೆ ಇದು ಇನ್ನೂ ಹೆಚ್ಚು ಬೇಕು ಎನ್ನಲು ಕಾರಣ ಉಂಟು. ಒಂದೇ ಬೋಟಿನಲ್ಲಿ ತುಳು, ಬ್ಯಾರಿ, ಮಲಯಾಳ, ಕನ್ನಡ ಎಲ್ಲ ಇರುತ್ತದೆ. ಪಣಂಬೂರಿನ ಬಂದರಿಗೆ ಹೋಗುವ ಸರಕು ಹಡಗಿನ ಕಪ್ತಾನ ಯಾವ ದೇಶದವನೋ. ನಮ್ಮ "ಮೂವತ್ತಾರು" ಅವನಿಗೆ ಬರೀ ಗಲಾಟೆ. ಆದರೆ ಅಂಥ ಹಡಗುಗಳು ಚಾನೆಲ್ 70ಕ್ಕೆ ಸದಾ ಕಿವಿಗೊಟ್ಟಿರಬೇಕೆಂಬುದು ಅಂತಾರಾಷ್ಟ್ರೀಯ ನಿಯಮ. ಅಂಕಿಗಳಾಗಿ ಹೋದದ್ದು ಅವನಿಗೆ ತಿಳಿಯುತ್ತದೆ.

ಇಷ್ಟೆಲ್ಲ ಇದ್ದೂ ಯಾಕೆ ಆಗಿಲ್ಲ? ಸೆಟ್ಟಿನ ಪುಸ್ತಕ ಇಂಗ್ಲಿಷಿನಲ್ಲಿ, ಇಲಾಖೆಯ ಸುತ್ತೋಲೆ ಮಲಯಾಳದಲ್ಲಿ, ನಮ್ಮ ತಂಡೇಲರು ಓದಿದ್ದು ಕನ್ನಡ ಶಾಲೆಯಲ್ಲಿ. ಭಾಷೆಗಾಗಿ ಅರ್ಜಿ ಬರೆದೂ ಬರೆದೂ ನಮ್ಮ ಕೈ ಸೋತಿದೆ, ಈ ಕೆಲಸಕ್ಕೆ ಇನ್ನೊಂದು ಅರ್ಜಿ ಬೇಡ. ಇಂಗ್ಲಿಷ್ ಬಲ್ಲ ಮಾಸ್ಟ್ರುಗಳು ನಮ್ಮಲ್ಲೇ ಇದ್ದಾರೆ, ಬೆಸುಗೆ ಹಾಕುವ ಹುಡುಗರೂ ಇದ್ದಾರೆ. ಜೂನ್ 9ರ ನಡುರಾತ್ರಿಯಿಂದ 52 ದಿನ ಟ್ರಾಲಿಂಗ್ ನಿಷೇಧ. ಬೋಟುಗಳು ಕಟ್ಟಿದಲ್ಲೇ ಇರುತ್ತವೆ. ಆ ದಿನಗಳಲ್ಲಿ ಸೆಟ್ಟಿನ ಹಿಂಭಾಗದ ಚೀಟಿಯದ್ದೊಂದು, ನೇತಾಡುವ ತಂತಿಗಳದ್ದೊಂದು ಫೋಟೊ ತೆಗೆದು ವಾಚನಾಲಯಕ್ಕೆ ತನ್ನಿ. ಸಂಜೆ ಐದರ ನಂತರ ನಾನು ಅಲ್ಲೇ ಇರುತ್ತೇನೆ. ಪುಸ್ತಕ ಇದ್ದರೆ ಅದನ್ನೂ ತನ್ನಿ, ಒದ್ದೆಯಾಗಿದ್ದರೂ ಸರಿ.