ಹಳೆಯ ಸಂಪಾದಕ ಉಳಿಸಿಕೊಳ್ಳಿ, ಗಡಿಯ ಕನ್ನಡ ನಿಲ್ಲಿಸಬೇಡಿ!

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕನ್ನಡ ತರುಣರೇ,

ನಿಮ್ಮೂರಿನ ಕನ್ನಡ ಸಂಘದ ಅಂತರ್ಜಾಲ ತಾಣವನ್ನು ಇವತ್ತೇ ತೆರೆದು ನೋಡಿ. ಕಡೆಯ ಬರಹ ಯಾವಾಗಿನದು? ಹೋದ ವಾರದ್ದೇ? ಇಲ್ಲಾ ಎಷ್ಟೋ ವರ್ಷದ ಹಿಂದಿನ ರಾಜ್ಯೋತ್ಸವದ ಫೋಟೋವೇ? ಹಾಗಿದ್ದರೆ ನಿಲ್ಲಿಸಿದವರು ಯಾರು? ಮಸಿ ಬಳಿಯುವವರು ಅಲ್ಲಿಗೆ ಬಂದಿರಲಿಲ್ಲ. "ಅಪ್‌ಡೇಟ್ ಆದಮ್ಯಾಲೆ ಪರದೆನೇ ಬದಲಾತ್ರೀ, ಎಲ್ಲಿ ಬರೀಬೇಕು ತಿಳೀವಲ್ದು" ಎಂಬ ಉತ್ತರ ಬಂದರೆ ಅಚ್ಚರಿಪಡಬೇಡಿ!

ಸಂಘ, ಶಾಲೆ, ಸಣ್ಣ ಪತ್ರಿಕೆಗಳು ತಾಣ ಕಟ್ಟಲು ಬಳಸುವ ಪುಕ್ಕಟೆ ತಂತ್ರಾಂಶ ವರ್ಡ್‌ಪ್ರೆಸ್. 2018ರ ಡಿಸೆಂಬರ್ 6ರಂದು ಅದರ 5.0 ಆವೃತ್ತಿ ಬಂತು. ಅಲ್ಲಿಯವರೆಗೆ ಒಂದು ಬಿಳಿ ಹಾಳೆ, ಮೇಲೆ ಗುಂಡಿಗಳ ಸಾಲು, ಅಷ್ಟೇ ಇತ್ತು. ಆಮೇಲೆ ಬಂದದ್ದು ಗುಟೆನ್‌ಬರ್ಗ್ ಎಂಬ ಹೊಸ ಸಂಪಾದಕ. ಅದರಲ್ಲಿ ಪ್ರತಿ ಪ್ಯಾರಾ, ಪ್ರತಿ ಚಿತ್ರ, ಪ್ರತಿ ತಲೆಬರಹವೂ ಒಂದೊಂದು ಬ್ಲಾಕ್. ಪುಟ ಅಲಂಕರಿಸುವವರಿಗೆ ಅನುಕೂಲವೇ ಸರಿ. ಆದರೆ ಅಂಗಡಿ ಮುಚ್ಚಿ ಬಂದು ಅರ್ಧ ತಾಸಿನಲ್ಲಿ ಊರ ಸುದ್ದಿ ಹಾಕುವ ಕಾರ್ಯಕರ್ತನಿಗೆ?

ಅವನಿಗೂ ದಾರಿಯಿದೆ. ವರ್ಡ್‌ಪ್ರೆಸ್ ಬಳಗವೇ 'ಕ್ಲಾಸಿಕ್ ಎಡಿಟರ್' ಎಂಬ ಪ್ಲಗಿನ್ ಕೊಟ್ಟಿದೆ. ಪ್ಲಗಿನ್ಸ್ ಪುಟದಲ್ಲಿ ಹುಡುಕಿ ಹಾಕಿಕೊಂಡರೆ ಹಳೆಯ ಹಾಳೆ ಮರಳಿ ಬರುತ್ತದೆ. ಸೆಟ್ಟಿಂಗ್ಸ್‌ನ ರೈಟಿಂಗ್ ಪುಟದಲ್ಲಿ, ಬೇಕಾದ ಸಂಪಾದಕವನ್ನು ಅವರವರೇ ಆರಿಸಿಕೊಳ್ಳಲು ಬಿಡುವ ಆಯ್ಕೆಯೂ ಇದೆ. ಹಿರಿಯರು ಹಳೆಯದರಲ್ಲಿ ಬರೆಯಲಿ, ನೀವು ಹೊಸದರಲ್ಲಿ ಬರೆಯಿರಿ. ತಾಣ ಒಂದೇ!

ಕೆಲವರು ಮತ್ತೊಂದು ತಪ್ಪು ಮಾಡುತ್ತಾರೆ. ಹಳೆಯ ಪರದೆ ಹೋಗಬಾರದೆಂದು ಅಪ್‌ಡೇಟನ್ನೇ ತಡೆಯುತ್ತಾರೆ. ಇದು ಕದಕ್ಕೆ ಬೀಗ ಹಾಕದೆ ಮಲಗಿದಂತೆ. ತಂತ್ರಾಂಶದ ತೂತು ಮುಚ್ಚುವುದೇ ಅಪ್‌ಡೇಟಿನಿಂದ. ಹಳೆಯ ಆವೃತ್ತಿಯಲ್ಲಿ ಕುಳಿತ ತಾಣಕ್ಕೆ ಕಳ್ಳರು ನುಗ್ಗಿದರೆ ವರ್ಷಗಳ ಬರಹ ಮಣ್ಣುಪಾಲು. ಮೊದಲು ಎಲ್ಲದರ ಪ್ರತಿ ತೆಗೆದಿಡಿ, ಅಪ್‌ಡೇಟ್ ಮಾಡಿ, ಆಮೇಲೆ ಹಳೆಯ ಸಂಪಾದಕ ಹಾಕಿಕೊಳ್ಳಿ.

ಕನ್ನಡಿಗರಿಗೆ ಈ ಪಾಠ ಹೊಸದಲ್ಲ. ಡಿಟಿಪಿ ಅಂಗಡಿಯ ಹುಡುಗರನ್ನು ಕೇಳಿ. ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ತಾಣಕ್ಕೆ ಅಂಟಿಸಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಅದಕ್ಕೆ ಮದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಅದರಲ್ಲಿ ಕನ್ನಡವಿತ್ತು. ಆದರೆ ಯೂನಿಕೋಡಿಗೆ ಬಂದವರು ಬೆರಳಿನ ರೂಢಿ ಬಿಡಬೇಕಾಗಲಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಹಾಗೇ ಉಳಿಯಿತು, ಒಳಗಿನ ಸಂಕೇತ ಮಾತ್ರ ಬದಲಾಯಿತು. ನಮಗೆ ಬೇಕಾದದ್ದು ಇಂಥ ಬದಲಾವಣೆ: ಬರೆಯುವವನ ಕೈ ನಿಲ್ಲಬಾರದು, ಅಡಿಪಾಯ ಹಳಸಬಾರದು.

ಆದರೆ ಹಳೆಯ ಸಂಪಾದಕ ಶಾಶ್ವತವೆಂದು ನಂಬಿ ಕೂರಬೇಡಿ. ಮೊದಲು 2021ರ ಕೊನೆಯವರೆಗೆ ಎಂದರು, ಬಳಿಕ 2024ರವರೆಗೆ ಅಥವಾ ಅಗತ್ಯವಿರುವವರೆಗೆ ಎಂದು ವಿಸ್ತರಿಸಿದರು. ಆ 'ಅಗತ್ಯ' ಎಂದು ಮುಗಿಯುತ್ತದೆಂದು ತೀರ್ಮಾನಿಸುವವರು ನಾವಲ್ಲ. ಆದ್ದರಿಂದ ಪ್ರತಿ ಸಂಘದಲ್ಲಿ ಇಬ್ಬರಾದರೂ ತರುಣರು ಹೊಸದನ್ನು ಈಗಲೇ ಕಲಿಯಲಿ. ವರ್ಡ್‌ಪ್ರೆಸ್ಸಿನ ಪದಗಳನ್ನು ಕನ್ನಡಕ್ಕೆ ತರುವವರು ಸಂಬಳವಿಲ್ಲದ ಸ್ವಯಂಸೇವಕರು. ಆ ಕೆಲಸಕ್ಕೂ ಕೈಹಚ್ಚಿ.

ನಮ್ಮ ಸಿಟ್ಟು ಪಕ್ಕದ ಭಾಷೆಯ ಮೇಲಲ್ಲ, ನಮ್ಮ ಮೌನದ ಮೇಲೆ! ನಿಪ್ಪಾಣಿಯ ಹುಡುಗಿಯೊಬ್ಬಳು ತನ್ನೂರಿನ ಹೆಸರು ಹಾಕಿ ಹುಡುಕಿದಾಗ ಕನ್ನಡದಲ್ಲಿ ಏನೂ ಸಿಗದಿದ್ದರೆ, ಆ ಸೋಲಿಗೆ ಯಾವ ಕೋರ್ಟೂ ಪರಿಹಾರ ಕೊಡದು.

ಏಳಿ! ಹಳೆಯ ಹಾಳೆಯೋ ಹೊಸ ಬ್ಲಾಕೋ, ಇವತ್ತು ರಾತ್ರಿಯೇ ನಿಮ್ಮೂರಿನ ಒಂದು ಸುದ್ದಿ ಕನ್ನಡದಲ್ಲಿ ಹಾಕಿ!